ಅಕ್ಕನಿಲ್ಲದ ಡ್ರಾಫ್ಟು

ಮಾರ್ಚ್ ೩, ಮಂಗಳವಾರ

ಇವತ್ತೂ ಬಸ್ಸು ತಪ್ಪಿತು. ತಡವಾದರೂ ನೋಟಿಸ್ ಬೋರ್ಡು ನೋಡದೆ ಕ್ಲಾಸಿಗೆ ಹೋಗುವುದಿಲ್ಲ — ಚಟ. ಇಂಗ್ಲಿಷ್ ಡಿಪಾರ್ಟ್‌ಮೆಂಟಿನ ಆ ಬೋರ್ಡಿನಲ್ಲಿ ಹಾಳೆಯ ಮೇಲೆ ಹಾಳೆ. ಕವಿತಾ ಸ್ಪರ್ಧೆ. ಅನುವಾದ ಕಮ್ಮಟ. ಯಾರೋ ಕಾದಂಬರಿಕಾರರೊಂದಿಗೆ ಸಂವಾದ, ಕೆಳಗೆ ದಪ್ಪಕ್ಷರದಲ್ಲಿ 'ಕಾಫಿ ಉಚಿತ'. ಅರ್ಧ ಜನ ಹೋಗುವುದೇ ಕಾಫಿಗೆ. ನಾನೂ ಅದೇ ಗುಂಪು.

ಇವತ್ತು ಅಲ್ಲಿ ನನ್ನ ಹೆಸರು. ವಾರ್ಷಿಕ ಕಥಾವಾಚನಕ್ಕೆ ಆರಿಸಿದ ಐವರಲ್ಲಿ ಮೂರನೆಯದು. ಐವರಲ್ಲಿ ಒಬ್ಬರಿಗೆ ಗುಡ್ಡದ ಮೇಲಿನ ಬರಹಗಾರರ ಮನೆಯಲ್ಲಿ ಆರು ವಾರ. ಸ್ವಂತ ಕೋಣೆ, ಸ್ವಂತ ಮೇಜು. ಬರೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಇಷ್ಟು ವರ್ಷ ಅಡುಗೆಮನೆ ಕಟ್ಟೆಯ ಮೇಲೆ, ಕುಕ್ಕರಿನ ವಿಷಲ್ ಎಣಿಸುತ್ತ ಬರೆದವಳು ನಾನು. ಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗದು ಬೇಕೇ ಬೇಕು.

ಅಕ್ಕನಿಗೆ ಹೇಳಿದೆ. ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಬಂದವಳೇ ಕೈ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸುವುದೂ ಮರೆತು ನಿಂತಳು.

"ಯಾವ ಕಥೆ?"

"ಆಸ್ಪತ್ರೇದು. ಅಮ್ಮನ ಕೊನೇ ದಿನ. ಅದ್ರಲ್ಲಿ ನೀನಿದ್ದೀಯ."

"ನಾನಾ! ಅಯ್ಯೋ, ನಾನೇನು ಮಾಡ್ತೀನಿ ಅದ್ರಲ್ಲಿ? ಬೇಡ ಬೇಡ, ಹೇಳ್ಬೇಡ. ಅಲ್ಲೇ ಬಂದು ಕೇಳ್ತೀನಿ."

ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನೆಂಟು. ಅವತ್ತಿನಿಂದ ಈ ಮನೆಯೆಂದರೆ ನಾವಿಬ್ಬರೇ. ಅವಳು ಯಾವ ಫಂಕ್ಷನ್ನಿಗೂ ರಜೆ ಹಾಕಿದವಳಲ್ಲ. ಇದಕ್ಕೆ ಹಾಕುತ್ತಾಳಂತೆ.

ಮಾರ್ಚ್ ೫, ಗುರುವಾರ

ತಲೆ ಸಿಡಿಯುತ್ತಿದೆ. ಇವತ್ತು ಕ್ಲಾಸಿನಲ್ಲಿ ನನ್ನ ಕಥೆಯ ಸರದಿ.

ಕಥೆ ಬರೆಯುವುದನ್ನು ಕಲಿಸುವ ಮೇಡಂ ಕ್ಲಾಸಿನ ನಿಯಮ ಒಂದೇ: ಬರೆದವರು ಬಾಯಿ ಬಿಡುವಂತಿಲ್ಲ. ಎಲ್ಲರೂ ಹೇಳಿ ಮುಗಿಸುವವರೆಗೆ ನೀನು ಸತ್ತ ಲೇಖಕ. ಬೇರೆಯವರ ಕಥೆಗೆ ಒಳ್ಳೇ ನಿಯಮ ಅನಿಸುತ್ತಿತ್ತು…

ಉದ್ದಕೋಟು ಶುರು ಮಾಡಿದ. (ಬಿರುಬಿಸಿಲಲ್ಲೂ ಮೊಣಕಾಲಿನವರೆಗೆ ಕೋಟು. ಲೇಖಕ ಅನ್ನಿಸಿಕೊಳ್ಳಲು ಬೆವರಲೂ ರೆಡಿ.)

"ಈ ಅಕ್ಕನ್ನ ನಂಬಕ್ಕಾಗಲ್ಲ. ಒಳಗೆ ಅಮ್ಮ ಸಾಯ್ತಿದ್ದಾಳೆ, ಇವಳು ಹೊರಗೆ ಬೆಂಚಲ್ಲಿ ಕೂತು ತಂಗಿಗೆ ಜಡೆ ಹಾಕ್ತಾ ತಮಾಷೆ ಮಾಡ್ತಾಳೆ. ಹದಿನೆಂಟು ವರ್ಷದ ಹುಡುಗಿ! ಇಂಥ ಅಕ್ಕ ಎಲ್ಲೂ ಇರಲ್ಲ. ಕಣ್ಣೀರು ಹಾಕ್ಸೋಕೆ ಕಟ್ಟಿರೋ ಪಾತ್ರ."

ಪೆನ್ನಿನ ಕ್ಯಾಪ್ ಕಚ್ಚಿ ಹಿಡಿದೆ. ಆ ಕೋಟಿನ ಜೇಬಿಗೆ ನೀರು ಸುರಿಯಬೇಕೆನಿಸಿತು.

ಕಿಟಕಿ ಪಕ್ಕದ ಹುಡುಗಿ ಮೆಲ್ಲಗೆ ಹೇಳಿದಳು, "ಮಗೂಗೆ ದುಃಖ ತಾಗೋಕೆ ಮುಂಚೇನೇ ಅಕ್ಕ ಅಡ್ಡ ಬಂದುಬಿಡ್ತಾಳೆ. ನಮಗೆ ಏನೂ ತಲುಪಲ್ಲ."

ಆಗಿದ್ದೂ ಅದೇ ಕಣೇ! ನಿಜಕ್ಕೂ ಆಗಿದ್ದೇ ಅದು! — ಎನ್ನಬೇಕಿತ್ತು. ಎನ್ನುವ ಹಾಗಿಲ್ಲ. ಕೊನೆಗೆ ಮೇಡಂ, "ಈಗ ನೀವು ಮಾತಾಡ್ಬಹುದು" ಎಂದರು. "ಥ್ಯಾಂಕ್ಸ್" ಎಂದೆ. ಅಷ್ಟೇ ಬಂತು.

ಮಾರ್ಚ್ ೬, ಶುಕ್ರವಾರ

ಮೇಡಂ ರೂಮಿಗೆ ಕರೆದರು. ಕುರ್ಚಿಯ ಮೇಲಿದ್ದ ಪುಸ್ತಕ ಎತ್ತಿಟ್ಟು ಕೂರಿಸಿದರು. ತೀರ್ಪು ಕೊಡಲು ಬರುವ ಪತ್ರಿಕೆಯ ಸಂಪಾದಕಿ ಐದೂ ಕಥೆ ಓದಿದ್ದಾರಂತೆ. ನನ್ನದರ ಬಗ್ಗೆ ಅವರ ಮಾತೂ ಒಂದೇ: ಅಕ್ಕನನ್ನು ತೆಗೆದರೆ ಇದು ನಿಲ್ಲುತ್ತದೆ.

"ಮೇಡಂ, ಆ ಅಕ್ಕ ನಿಜವಾಗ್ಲೂ ಇದಾಳೆ."

"ಇರ್ಬಹುದು. ಆದ್ರೆ ಆ ನಿಜವಾದ ಅಕ್ಕ ಕಥೇಲಿ ಇಲ್ವಲ್ಲ."

ಮೇಡಂ ನನ್ನ ಕೈ ತಟ್ಟಿದರು. "ತೀರ್ಮಾನ ನಿಮ್ದು. ಯಾವುದನ್ನ ಓದಿದ್ರೂ ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."

ಒಳ್ಳೆಯವರು. ಅದೇ ಕಷ್ಟ. ಬೈದಿದ್ದರೆ ಹಟ ಹಿಡಿಯಬಹುದಿತ್ತು.

ಮಾರ್ಚ್ ೮, ಭಾನುವಾರ, ಬೆಳಗ್ಗೆ ಹನ್ನೊಂದು

ಮಾಡಿಬಿಟ್ಟೆ.

ಅಕ್ಕ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಏನೋ ಗುನುಗುತ್ತಿದ್ದಳು, ಶ್ರುತಿಯಿಲ್ಲ, ತಾಳವಿಲ್ಲ. ನಾನು ಒಳಗೆ ಕೂತು ಒಂದೊಂದೇ ಪ್ಯಾರಾದಿಂದ ಅವಳನ್ನು ತೆಗೆಯುತ್ತ ಹೋದೆ. ತಮಾಷೆ ಹೋಯಿತು. ಅವಳು ತಂದುಕೊಟ್ಟ ಬಿಸ್ಕತ್ತಿನ ಪೊಟ್ಟಣ ಹೋಯಿತು. ಜಡೆ ಉಳಿಯಿತು — ಈಗ ಮಗು ತನ್ನ ಜಡೆ ತಾನೇ ಹಾಕಿಕೊಳ್ಳುತ್ತದೆ, ಸೊಟ್ಟಗೆ, ಬಿಚ್ಚಿ, ಮತ್ತೆ.

ಓದಿ ನೋಡಿದೆ. ಮೈ ಜುಮ್ಮೆಂದಿತು. ಹಾಳಾದ್ದು, ಚೆನ್ನಾಗಿದೆ! ಮೊದಲಿನದಕ್ಕಿಂತ ಎಷ್ಟೋ ಚೆನ್ನಾಗಿದೆ. ಉದ್ದಕೋಟು ಹೇಳಿದ್ದು ಸರಿ ಎಂದು ಒಪ್ಪುವುದಕ್ಕಿಂತ ಮೆಣಸಿನಕಾಯಿ ಅಗಿಯುವುದು ಸುಲಭ.

ಆದರೆ ನಾನು ಒಂದೇ ಒಂದು ದಿನವೂ ಹಾಗೆ ಒಂಟಿಯಾಗಿರಲಿಲ್ಲ.

"ಏನೇ, ಅಳ್ತಿದ್ದೀಯಾ?" ಅಕ್ಕ ಬಕೆಟ್ ಹಿಡಿದು ಬಾಗಿಲಲ್ಲಿ.

"ಈರುಳ್ಳಿ" ಎಂದೆ. ಮನೆಯಲ್ಲಿ ಯಾರೂ ಈರುಳ್ಳಿ ಹೆಚ್ಚಿರಲಿಲ್ಲ. ಅವಳು ಬಕೆಟ್ ಇಡಲು ಒಳಗೆ ಹೋದಳು.

ಮಾರ್ಚ್ ೧೬, ಸೋಮವಾರ

ಒಂದು ವಾರ ಬರೆದಿಲ್ಲ. ಬರೆದರೆ ಹೇಳಬೇಕಾಗುತ್ತದೆ.

ಅಕ್ಕ ಊರಿಗೆಲ್ಲ ಡಂಗುರ ಸಾರಿದ್ದಾಳೆ. ಸೂಜಿ ಚುಚ್ಚುವಾಗ ಹೆದರಿದವರಿಗೆ ಹೇಳುತ್ತಾಳಂತೆ: "ಆ ಕಡೆ ನೋಡಿ. ನನ್ ತಂಗಿ ಕಥೆ ಬರ್ದಿದ್ದಾಳೆ ಗೊತ್ತಾ? ಅದ್ರಲ್ಲಿ ನಾನಿದೀನಿ. ಹಾಂ, ಆಯ್ತು, ಹತ್ತಿ ಒತ್ತಿ ಹಿಡ್ಕೊಳ್ಳಿ." ಇಸಿಜಿ ತೆಗೆಯುವ ಆಂಟಿಯೂ ಜೊತೆಗೆ ಬರುತ್ತಾರಂತೆ.

ಇವತ್ತು ಊಟಕ್ಕೆ ಕೂತಾಗ ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ.

"ಅಕ್ಕ, ಕಥೇಲಿ ಸ್ವಲ್ಪ ಚೇಂಜ್ ಆಗಿದೆ…"

"ಮಾಡ್ಕೋ. ನನ್ನ ದಪ್ಪ ಅಂತ ಮಾತ್ರ ಬರೀಬೇಡ ಮಾರಾಯ್ತಿ, ಆಂಟಿ ಜೀವಮಾನ ಪೂರ್ತಿ ಆಡ್ಕೋತಾರೆ."

ನಕ್ಕೆವು. ಅರ್ಧ ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮಾರ್ಚ್ ೨೦, ಶುಕ್ರವಾರ

ಎರಡೂ ಪ್ರಿಂಟು ಬ್ಯಾಗಿನಲ್ಲಿವೆ. ಅಕ್ಕ ಇರುವುದು, ಇಲ್ಲದಿರುವುದು. ಅಲ್ಲಿ ನಿಂತ ಮೇಲೆ ಕೈಗೆ ಯಾವುದು ಬರುತ್ತದೋ ಅದು — ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆ. ಯಾವುದೆಂದು ನನಗೆ ಗೊತ್ತು.

ಅಕ್ಕ ನನ್ನ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಾಳೆ. ಸುಮ್ಮನೆ ಮಾಡುವವಳಲ್ಲ. "ಮೈಕು ಬಾಯಿಗೆ ತೀರಾ ಹತ್ರ ಇಟ್ಕೋಬೇಡ. ನೀರು ಕುಡ್ಕೋ. ನನ್ ಕಡೆ ನೋಡ್ಬೇಡ, ನಗು ಬರುತ್ತೆ."

ಮಾರ್ಚ್ ೨೧, ಶನಿವಾರ, ಸಂಜೆ

ಆಯಿತು. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಎಲ್ಲ ಕಲಸಿಹೋಗುತ್ತದೆ.

ಸೆಮಿನಾರ್ ಹಾಲ್. ಎರಡನೇ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಇಸಿಜಿ ಆಂಟಿ. ಹೆಸರು ಕರೆದರು. ಅಕ್ಕನಿಲ್ಲದ್ದನ್ನೇ ತೆಗೆದೆ. ಹಿಂದೆಮುಂದೆ ನೋಡಲೂ ಇಲ್ಲ. ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಓದಿದೆ. ಒಂದೇ ಸಲ ತಲೆ ಎತ್ತಿದ್ದು. ಅಕ್ಕ ಮುಂದಕ್ಕೆ ಬಗ್ಗಿ ಕೂತಿದ್ದಳು, ಎದುರಿನ ಕುರ್ಚಿಯ ಬೆನ್ನು ಹಿಡಿದು. ತನ್ನ ಪಾತ್ರ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಾಳೆ — ಹಾಗಂದುಕೊಂಡೆ. ಮುಂದೆ ನೋಡಲಾಗಲಿಲ್ಲ.

ಗೆದ್ದದ್ದು ನಾನೇ. ಆರು ವಾರ ನನ್ನವು. ಸಂಪಾದಕಿ ಎರಡೂ ಕೈ ಹಿಡಿದುಕೊಂಡರು. ಉದ್ದಕೋಟು ನಿಜವಾಗಿಯೂ ಖುಷಿಯಿಂದ ಚಪ್ಪಾಳೆ ತಟ್ಟುತ್ತಿದ್ದ. ಪಾಪ, ಅಷ್ಟು ಕೆಟ್ಟವನಲ್ಲ. ಇಸಿಜಿ ಆಂಟಿ ಎಲ್ಲರಿಗೂ ಕೇಳುವ ಹಾಗೆ, "ಚೆನ್ನಾಗಿತ್ತು ಪುಟ್ಟಾ, ಆದ್ರೆ ಇದ್ರಲ್ಲಿ ಇವಳೆಲ್ಲಿ ಬಂದ್ಳು?" ಎಂದರು.

"ಸುಮ್ನಿರಿ ಆಂಟಿ" ಎಂದಳು ಅಕ್ಕ. ಕಣ್ಣು ಕೆಂಪಗಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟಳು. ಎರಡು ಸ್ಟಾಪು ದಾಟಿದ ಮೇಲೆ ನಾನೇ ಶುರು ಮಾಡಿದೆ.

"ಸಾರಿ ಅಕ್ಕ. ನೀನಿದ್ರೆ ಯಾರೂ ನಂಬಲ್ಲ ಅಂದ್ರು. ಅಷ್ಟು ಒಳ್ಳೆಯವಳು ಇರಲ್ಲ ಅಂತೆ. ತೆಗೆದುಬಿಟ್ಟೆ."

"ತೆಗಿ. ನಂಗೇನು? ಅದಕ್ಕಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಮಗೂನ ಯಾಕೆ ಅಷ್ಟು ಹೊತ್ತು ಒಬ್ಬಳನ್ನೇ ಕೂರ್ಸಿದ್ದೆ? ಒಬ್ಬ ನರ್ಸನ್ನಾದ್ರೂ ಹತ್ರ ಕಳಿಸ್ಬಾರ್ದಿತ್ತಾ? ನಂಗಂತೂ ಎದ್ದು ಸ್ಟೇಜಿಗೇ ಬಂದುಬಿಡೋಣ ಅನ್ನಿಸ್ತು."

ಇಡೀ ಹಾಲ್ ಕಥೆ ಕೇಳುತ್ತಿತ್ತು. ಇವಳೊಬ್ಬಳು ಮಗುವಿನ ಹತ್ತಿರ ಹೋಗಲು ದಾರಿ ಹುಡುಕುತ್ತಿದ್ದಳು.

ಆಮೇಲೆ ತಾನಾಗಿಯೇ ಹೇಳಿದಳು, "ಆದ್ರೆ ನಿನ್ನ ಕ್ಲಾಸಿನವ್ರು ಹೇಳಿದ್ದು ಸರಿ ಕಣೇ. ಅವತ್ತು ನಾನೇನು ಒಳ್ಳೆಯವಳಾಗಿ ಜಡೆ ಹಾಕ್ತಿರ್ಲಿಲ್ಲ. ಓಡಿಹೋಗಬೇಕು ಅನ್ನಿಸ್ತಿತ್ತು. ಗೇಟಿನ ತನಕ ಒಂದ್ಸಲ ಹೋಗಿದ್ದೆ ಕೂಡ. ವಾಪಸ್ ಬಂದು ನಿನ್ನ ಜಡೆ ಹಿಡ್ಕೊಂಡೆ. ಹಿಡ್ಕೊಳ್ಳೋಕೆ ಬೇರೇನೂ ಇರ್ಲಿಲ್ಲ."

"ನಂಗೆ ಹೇಳೇ ಇಲ್ವಲ್ಲ ಇದನ್ನ!"

"ನೀನು ಕೇಳ್ಲಿಲ್ಲ. ನೀನೂ ಬಾಯಿ ಬಿಟ್ಟು ಏನಾದ್ರೂ ಕೇಳೋ ಪೈಕೀನಾ?" ಎಂದು ತಲೆಗೊಂದು ಮೊಟಕಿದಳು. ಆಮೇಲೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನಮ್ಮ ಸ್ಟಾಪು ಬಂದಾಗಲೂ ಎಬ್ಬಿಸಲು ಮನಸ್ಸಾಗಲಿಲ್ಲ. ಮುಂದಿನದರಲ್ಲಿ ಇಳಿದು ನಡೆದು ಬಂದೆವು. ಬೈಸಿಕೊಂಡೆ.

ಮಾರ್ಚ್ ೨೨, ಭಾನುವಾರ, ಬೆಳಗ್ಗೆ

ಎರಡೂ ಡ್ರಾಫ್ಟು ತಪ್ಪು. ಒಂದರಲ್ಲಿ ಹೆದರಿಕೆಯೇ ಇಲ್ಲದ ಅಕ್ಕ. ಇನ್ನೊಂದರಲ್ಲಿ ಅಕ್ಕನೇ ಇಲ್ಲ. ಗೇಟಿನ ತನಕ ಹೋಗಿ ಬಂದವಳು ಎರಡರಲ್ಲೂ ಇಲ್ಲ. ಗುಡ್ಡಕ್ಕೆ ಹೋಗಿ ಬರೆಯೋಣವೆಂದರೆ ಅಲ್ಲಿಯವರೆಗೆ ತಡೆಯುವಂತಿಲ್ಲ. ಅಡುಗೆಮನೆ ಕಟ್ಟೆಯೇ ಸಾಕು. ಬೋರ್ಡಿಗಲ್ಲ, ಸ್ಪರ್ಧೆಗಲ್ಲ. ಮೊದಲು ಇಲ್ಲಿ.

ಅವತ್ತು ಬೆಂಚಿನ ಮೇಲೆ ಇಬ್ಬರು ಮಕ್ಕಳು ಕೂತಿದ್ದರು. ದೊಡ್ಡವಳು ನೀರು ತರುತ್ತೇನೆಂದು ಹೇಳಿ ಎದ್ದು ಹೋದಳು. ಚಿಕ್ಕವಳು ಕಾಯುತ್ತ

ಅಕ್ಕ ಕೂಗುತ್ತಿದ್ದಾಳೆ. ಬೆಡ್‌ಶೀಟು ಹಿಂಡಲು ಇನ್ನೊಂದು ತುದಿ ಹಿಡಿಯಬೇಕಂತೆ. ಬಂದೆ ಕಣೇ, ಒಂದೇ ನಿಮಿಷ, ಇದೊಂದು ಸಾಲು ಮುಗಿಸಿ ಬ