ಕೋರ್ಟು ಏಳುವವರೆಗೆ

12-2-1968, ಚಿತ್ತಾಪುರ

ಬೆಳಿಗ್ಗೆ ಎತ್ತಿನ ಕಳವು ಒಂದು, ಹೊಲದ ಬದುವಿನ ಬಡಿದಾಟ ಒಂದು. ಬದುವಿನವರು ಕೋರ್ಟಿನೊಳಗೇ ಮತ್ತೆ ಬಡಿದಾಡುವ ಹಾಗಿದ್ದರು. ಬೈದು ಕೂರಿಸಿದೆ. ಮ್ಯಾಜಿಸ್ಟ್ರೇಟ್ ಅಂದರೆ ಅರ್ಧ ಶಾಲಾ ಮಾಸ್ತರನೇ.

ಮಧ್ಯಾಹ್ನ ಹೊಸ ಕೇಸು. ಫಾರಿನರ್ಸ್ ಆಕ್ಟ್, ಸೆಕ್ಷನ್ ಹದಿನಾಲ್ಕು. ಈ ಊರಿಗೆ ಬಂದ ಮೇಲೆ ಇಂಥದು ಇದೇ ಮೊದಲು. ಆರೋಪಿ ಗುಲ್ಶನ್. ರಂಗೂನಿನಲ್ಲಿ ಹುಟ್ಟಿದವಳು. ಗಂಡ ಶೌಕತ ಅಲಿ ಹುಟ್ಟಿದ್ದೂ ಅಲ್ಲೇ. ಅವನ ಅಪ್ಪ ವಾಡಿಯಿಂದ ದುಡಿಯಲು ಹೋಗಿ ಅಲ್ಲೇ ನಿಂತವನು. ನಾಲ್ಕು ವರ್ಷದ ಹಿಂದೆ ಅಲ್ಲಿಯ ಸರ್ಕಾರ ಅಂಗಡಿ ಕಿತ್ತುಕೊಂಡಿತು. ಆಕೆಯ ಅಣ್ಣನನ್ನು ಜೈಲಿಗೆ ಹಾಕಿತು. ಗಂಡ ಹೆಂಡತಿ ಉಟ್ಟ ಬಟ್ಟೆಯಲ್ಲಿ ಓಡಿ ಬಂದರು. ನೀವು ಇಂಡಿಯಾದವರು ಅಂತ ಅವರು ಅಟ್ಟಿದರು, ನೀವು ಬರ್ಮಾದವರು ಅಂತ ನಾವು ಅನ್ನುತ್ತೇವೆ. ಹೋದ ತಿಂಗಳು ಶಹಾಬಾದದ ಕಲ್ಲಿನ ಖಣಿಯಲ್ಲಿ ಗಂಡ ಸತ್ತ. ಇವಳಿಗೆ ಇಲ್ಲಿರಲು ಕೊಟ್ಟ ಪರ್ಮಿಟ್ ಮುಗಿದಿತ್ತು, ಹೊಸದು ಕೊಡಲಿಲ್ಲ. ದೇಶ ಬಿಡು ಅಂತ ನೋಟೀಸು. ಬಿಡಲಿಲ್ಲ. ಅದಕ್ಕೆ ಕೇಸು.

ಆರೋಪಿ ಬಂದಿರಲಿಲ್ಲ. ಅವಳ ಬದಲಿಗೆ ಗಂಡನ ಸೋದರತ್ತೆ ಸುಗರಾಬಿ, ವಾಡಿಯಿಂದ. ಬುರ್ಖಾ ಮೇಲೆತ್ತಿ ನನ್ನನ್ನೇ ನೇರ ನೋಡಿದಳು.

"ಹುಡುಗಿ ಇದ್ದತ್‌ನ್ಯಾಗ ಕುಂತಾಳ್ರಿ ಸಾಬ್. ಗಂಡ ತೀರ್ಕೊಂಡ ಮ್ಯಾಲ ಹೊಸ್ತಿಲ ದಾಟಂಗಿಲ್ಲ. ಬಸುರಿ ಬ್ಯಾರೆ ಇದ್ದಾಳ. ಹಡಿಯೂತನ ಹೊರಗ ಬರಂಗಿಲ್ಲ."

ಸಬ್ ಇನ್‌ಸ್ಪೆಕ್ಟರಿಗೆ ಸಿಟ್ಟು. "ಕಾಯ್ದೆಕ್ಕ ಇದ್ದತ್ ಗಿದ್ದತ್ ಗೊತ್ತಿಲ್ಲಬೇ."

"ನಮಗ ಗೊತ್ತದಲ್ರಿ. ಅದು ಮುಗೀಲಿ, ನಾನೇ ಕರ್ಕೊಂಡು ಬರ್ತೀನಿ. ಜುಬಾನ್ ಕೊಟ್ಟೀನಿ, ಮಾತು ತಪ್ಪಂಗಿಲ್ಲ."

ಪರದೆಯ ಹೆಂಗಸಿಗೆ ಖುದ್ದು ಹಾಜರಿ ಮಾಫಿ ಮಾಡಬಹುದು. ಮಾಡಿದೆ. ತಾರೀಖು ಕೊಟ್ಟೆ.

18-3-1968

ಆರೋಪಿಯ ಪರ ವಕೀಲ ದೇವೀಂದ್ರಪ್ಪ. ತೆಂಗಳಿಯವನು. ಕರಿ ಕೋಟು ಇನ್ನೂ ಹೊಸದು, ಧ್ವನಿ ಅದಕ್ಕಿಂತ ಹೊಸದು. ವಿಶ್ವಸಂಸ್ಥೆಯ ಠರಾವಿನ ಪ್ರತಿಯನ್ನು ದಿಲ್ಲಿಯಿಂದ ತರಿಸಿದ್ದಾನೆ. ಹೋದ ಡಿಸೆಂಬರದ್ದು. ಜೀವಕ್ಕೆ ಹೆದರಿ ಆಶ್ರಯ ಕೇಳಿ ಬಂದವರನ್ನು, ಹಿಂಸೆ ಕಾದಿರುವ ದೇಶಕ್ಕೆ ಬಲವಂತದಿಂದ ಅಟ್ಟಬಾರದು ಅಂತ ಅದರಲ್ಲಿದೆ. ಚೆನ್ನಾಗಿ ಓದಿದ. ಪೇಶಕಾರ ಗೊಲ್ಲಾಳಪ್ಪ ಕೂಡ ಬರೆಯುವುದು ಬಿಟ್ಟು ಕೇಳಿದ.

"ಇದನ್ನ ನಮ್ಮ ಪಾರ್ಲಿಮೆಂಟು ಕಾಯ್ದೆ ಮಾಡ್ಯದೇನು?" ಅಂದೆ.

"ಇಲ್ರಿ. ಆದ್ರ ಒಪ್ಪಿದವ್ರೊಳಗ ನಾವೂ ಇದ್ದೀವಿ. ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಬೆಳಸ್ಬೇಕಂತ ಸಂವಿಧಾನದ ಐವತ್ತೊಂದನೇ ಕಲಮಿನ್ಯಾಗ—"

"ಮೂವತ್ತೇಳನೇದು ಓದ್ರಿ."

ಓದಲಿಲ್ಲ. ಅವನಿಗೂ ಗೊತ್ತು. ಆ ಭಾಗದಲ್ಲಿರುವುದನ್ನು ಯಾವ ಕೋರ್ಟೂ ಜಾರಿ ಮಾಡುವಂತಿಲ್ಲ. ನಿರಾಶ್ರಿತರ ಕರಾರಿಗಂತೂ ನಾವು ಸಹಿಯನ್ನೇ ಹಾಕಿಲ್ಲ. ಠರಾವು ಬೇರೆ, ಕಾಯ್ದೆ ಬೇರೆ. ನಾನು ಹೇಳಿದ್ದು ಸರಿ. ಸರಿ ಹೇಳಿ ಇಷ್ಟು ಬೇಸರವಾದದ್ದು ನೆನಪಿಲ್ಲ.

ಹೆರಿಗೆ ಆಗಿಲ್ಲ. ಮತ್ತೆ ತಾರೀಖು.

19-3

ಠರಾವನ್ನು ಮನೆಗೆ ತಂದಿದ್ದೆ. ರುಕ್ಮಿಣಿ ಜೋಳ ಹಸನು ಮಾಡುತ್ತ ಏನದು ಅಂದಳು. ಹೆಂಡತಿಗೆ ಕೋರ್ಟಿನ ಮಾತು ಹೇಳುವವನಲ್ಲ ನಾನು. ಇವತ್ತು ಹೇಳಿದೆ.

"ಇಷ್ಟ್ ದೇಶದವ್ರು ಕೂಡಿ ಒಪ್ಯಾರಂತೀರಿ. ಮತ್ತ ನಡಸೋರ್ಯಾರ್ರಿ?"

"ಯಾರೂ ಇಲ್ಲ. ಒಳ್ಳೇ ಮಾತು ಅಷ್ಟೇ ಅದು."

"ಹಂಗಾದ್ರ ಆ ಮುದುಕಿ ಮಾತೇ ಗಟ್ಟಿ ಆತಲ್ರಿ. ಪೊಲೀಸ್ರು ಹೊಸ್ತಿಲ ದಾಟಿಲ್ಲ."

ಜೋಳದಲ್ಲಿ ಕಲ್ಲು ಬಹಳ ಇವೆ ಅಂತ ತಕರಾರು ತೆಗೆದೆ.

22-4

ಬಿಸಿಲು. ಫ್ಯಾನು ಗಾಳಿಗಿಂತ ಸದ್ದು ಹೆಚ್ಚು ಕೊಡುತ್ತಿದೆ. ಮತ್ತೆ ತಾರೀಖು. ವಕೀಲರ ಬಾರ್ ರೂಮಿನಲ್ಲಿ ನನಗೆ 'ಇದ್ದತ್ ಸಾಹೇಬ' ಅಂತ ಹೆಸರಿಟ್ಟಿದ್ದಾರಂತೆ. ಗೊಲ್ಲಾಳಪ್ಪ ಹೇಳಿ ತಾನೇ ನಕ್ಕ. ನಗಲಿ. ಸೆಡಂ ಕೋರ್ಟಿನಲ್ಲಿದ್ದಾಗ ಇದಕ್ಕಿಂತ ಕೆಟ್ಟ ಹೆಸರಿತ್ತು.

24-6

ಹೆಣ್ಣು ಕೂಸು. ದೇವೀಂದ್ರಪ್ಪ ಚೇಂಬರಿಗೇ ಓಡಿ ಬಂದ, ತಾನೇ ಹೆತ್ತವನ ಹಾಗೆ. "ಇಲ್ಲಿ ಹುಟ್ಟಿದ ಕೂಸು ಸಾಹೇಬ್ರ! ಈ ದೇಶದ್ದು! ಅದನ್ನ ಯಾರೂ ಹೊರಗ ಹಾಕಂಗಿಲ್ಲ!"

ಹೌದು ಅಂದೆ. ಆಮೇಲೆ ಇಬ್ಬರಿಗೂ ಹೊಳೆದದ್ದು ಒಂದೇ ಮಾತು. ಕೂಸು ಹುಟ್ಟಿದರೆ ಇದ್ದತ್ ಮುಗಿಯಿತು. ಮಗಳಿಗೆ ದೇಶ ಸಿಕ್ಕ ಗಳಿಗೆಗೇ ತಾಯಿಯ ಆಸರೆ ಹೋಯಿತು. ಅವನು ಕುರ್ಚಿಯ ಅಂಚಿಗೆ ಕುಳಿತು ಬೆವರು ಒರೆಸಿಕೊಂಡ.

ಸುಗರಾಬಿ ಬಾಣಂತನದ ಚಿಲ್ಲಾ ಅಂತ ನಲವತ್ತು ದಿನ ಕೇಳಿದ್ದಾಳೆ. ಕೊಟ್ಟೆ. ಇನ್ನು ಕೊಡಲು ನನ್ನ ಹತ್ತಿರ ಏನೂ ಉಳಿದಿಲ್ಲ.

9-8-1968, ಸಂಜೆ ಆರೂವರೆ. ಕೋರ್ಟಿನ ಕುರ್ಚಿಯಲ್ಲೇ

ಮುಖ ಗೋಡೆಗೆ ತಿರುಗಿಸಿ ಕುಳಿತು ಬರೆಯುತ್ತಿದ್ದೇನೆ. ಯಾಕೆ ಅಂತ ಬರೆಯುತ್ತೇನೆ.

ಮಧ್ಯಾಹ್ನ ಊಟದ ನಂತರ ಕರೆಸಿದೆ. ಗುಲ್ಶನ್ ಬಂದಳು, ಕೂಸನ್ನು ಎದೆಗೆ ಅವಚಿಕೊಂಡು. ಇಷ್ಟು ಸಣ್ಣ ಹುಡುಗಿ ಅಂದುಕೊಂಡಿರಲಿಲ್ಲ. ದೇವೀಂದ್ರಪ್ಪ ಸುಗರಾಬಿಯ ಮೇಲೆ ಹರಿಹಾಯುತ್ತಿದ್ದ. "ಯಾಕ ಕರ್ಕೊಂಡು ಬಂದಿ ಅಮ್ಮಾ? ಜ್ವರ ಅಂದಿದ್ರ ಇನ್ನೊಂದು ತಾರೀಖು ಸಿಗ್ತಿತ್ತು!"

"ಜುಬಾನ್ ಕೊಟ್ಟಿದ್ನಲ್ಲಪ್ಪಾ," ಅಂದಳು ಮುದುಕಿ.

ಗುನ್ಹೆ ಕಬೂಲೇನು ಅಂತ ಕೇಳಿದೆ. ಗುಲ್ಶನ್ ವಾಡಿಯಲ್ಲಿ ಕಲಿತ ಕನ್ನಡದಲ್ಲೇ ಹೇಳಿದಳು. "ಹೌದ್ರಿ. ಇಲ್ಲೇ ಉಳ್ದೀನಿ. ಮತ್ತೆಲ್ಲಿ ಹೋಗ್ಲಿ?"

ಕಬೂಲಾದ ಮೇಲೆ ತಾರೀಖು ಇಲ್ಲ. ಸಬ್ ಇನ್‌ಸ್ಪೆಕ್ಟರ ಕೈಯಲ್ಲಿ ಮೇಲಿನ ಹುಕುಂ. ಕೋರ್ಟಿನ ಕೆಲಸ ಮುಗಿದ ಕೂಡಲೇ ಸಂಜೆ ಗಾಡಿಗೆ ವಾಡಿ, ಅಲ್ಲಿಂದ ಮದ್ರಾಸು, ಆಮೇಲೆ ಹಡಗು.

"ಕೂಸಿಂದೇನು?"

"ಕೂಸಿಗೆ ಆರ್ಡರಿಲ್ರಿ. ಅದು ಇಲ್ಲೀದು. ತಾಯಿದಷ್ಟೇ ಅದ."

ಮನುಷ್ಯ ಕೆಟ್ಟವನಲ್ಲ. ಕಾಗದದಲ್ಲಿದ್ದದ್ದನ್ನು ಹೇಳಿದ. ಗುಲ್ಶನ್‌ಗೆ ಅರ್ಥವಾಯಿತು. ಕೂಸನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅದು ಚೀರಿತು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಇಂಥ ನಾಚಿಕೆ ಆಗಿರಲಿಲ್ಲ.

ಹುಕುಂ ತಡೆಯುವ ಅಧಿಕಾರ ಗುಲಬರ್ಗಾದ ಡಿ.ಸಿ. ಸಾಹೇಬರಿಗೆ. ನನಗಿಲ್ಲ. ಬಿಡುಗಡೆ ಮಾಡಿದರೆ ಬಾಗಿಲಲ್ಲೇ ಹಿಡಿಯುತ್ತಾರೆ. ಬಾಣಂತಿಯನ್ನು ಜೈಲಿಗೆ ಕಳಿಸಲು ಕೈ ಬರುವುದಿಲ್ಲ.

ತೀರ್ಪು ಓದಿದೆ. ಕೋರ್ಟು ಏಳುವವರೆಗೆ ಕೈದು.

ಸಣ್ಣಪುಟ್ಟ ಗುನ್ಹೆಗೆ ಕೊಡುವ ಶಿಕ್ಷೆ. ನಾನು ಅವತ್ತಿನ ಕೆಲಸ ಮುಗಿಸಿ ಏಳುವ ತನಕ ಆರೋಪಿ ಇಲ್ಲೇ ಕುಳಿತಿರಬೇಕು. ಅಲ್ಲಿಯವರೆಗೆ ಕೋರ್ಟಿನ ಕೈದಿ, ಪೊಲೀಸರು ಮುಟ್ಟುವಂತಿಲ್ಲ. ದೇವೀಂದ್ರಪ್ಪ ನನ್ನ ಮುಖ ನೋಡಿದ. ಕೂಸಿನ ಜನನದ ದಾಖಲೆ ಕಿಸೆಗೆ ಹಾಕಿಕೊಂಡು ಗುಲಬರ್ಗಾ ಬಸ್ಸಿಗೆ ಓಡಿದ. ಆ ಠರಾವನ್ನೂ ಒಯ್ದ. ಕಾಯ್ದೆ ಅಂತಲ್ಲ, ಡಿ.ಸಿ. ಸಾಹೇಬರಿಗೆ ಮನಸ್ಸಿದ್ದರೆ ಹಿಡಿಯಲು ಒಂದು ನೆವ.

ಸಬ್ ಇನ್‌ಸ್ಪೆಕ್ಟರಿಗೆ ಇದು ಗೊತ್ತಾಗಲು ಸಂಜೆ ಐದು ಗಂಟೆಯಾಯಿತು. ಎಲ್ಲ ಕೇಸೂ ಮುಗಿದಿದ್ದವು.

"ಸಾಹೇಬ್ರ, ಕೋರ್ಟು ಯಾವಾಗ ಏಳ್ತದ್ರಿ?"

"ಕೆಲಸ ಅದ. ಗೊಲ್ಲಾಳಪ್ಪ, ಹಳೇ ಫೈಲು ತಗೊಂಬಾ."

ತಂದ. ಕೇಳದೇ ಇನ್ನೊಂದು ಹೊರೆಯನ್ನೂ ತಂದ. ಬದುವಿನ ಬಡಿದಾಟದ ಫೈಲು ಎರಡು ಸಲ ಓದಿದೆ. ನಾನು ಮಾಡುತ್ತಿರುವುದು ಸರಿಯೋ ತಪ್ಪೋ, ಕೇಳುವವರು ನಾಳೆ ಕೇಳುತ್ತಾರೆ.

ಆಗ ಕೂಸು ಹಸಿದು ಅಳತೊಡಗಿತು. ಹೊರಗೆ ಹೋದರೆ ಪೊಲೀಸರು ನಿಂತಿದ್ದಾರೆ. ಇಲ್ಲೇ ಕುಡಿಸಮ್ಮಾ ಅಂದೆ. ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ. ಸುಗರಾಬಿ ಅಡ್ಡ ನಿಂತಳು. ನಾನು ಎದ್ದು ಹೋಗುವಂತಿಲ್ಲವಲ್ಲ, ಕುಳಿತಲ್ಲೇ ಕುರ್ಚಿ ಗೋಡೆಗೆ ತಿರುಗಿಸಿಕೊಂಡೆ.

ಗಾಡಿ ಬಂದ ಸೀಟಿ ಕೇಳಿತು. ನಿಂತಿತು. ಸಬ್ ಇನ್‌ಸ್ಪೆಕ್ಟರ ಬಾಗಿಲು ತಟ್ಟಿದ. ನಾನು ಏಳಲಿಲ್ಲ. ಗಾಡಿ ಹೋಯಿತು. ಮುಂದಿನದು ನಾಳೆ.

ಗುಲಬರ್ಗಾದಿಂದ ಇನ್ನೂ ತಂತಿ ಇಲ್ಲ. ಕೂಸಿನ ಅಳು ನಿಂತಿದೆ. ಸೊಂಟ ನೋಯುತ್ತಿದೆ. ಕತ್ತಲಾಗುತ್ತಿದೆ, ಅಕ್ಷರ ಸರಿ ಕಾಣುತ್ತಿಲ್ಲ. ಬೆನ್ನ ಹಿಂದಿನಿಂದ ಗುಲ್ಶನ್ ಮೆಲ್ಲಗೆ ಕೇಳುತ್ತಿದ್ದಾಳೆ.

"ಸಾಬ್, ನೀವು ಮನಿಗಿ ಹೋಗಂಗಿಲ್ಲೇನ್ರಿ?"

ಇಲ್ಲಮ್ಮಾ ಅಂದೆ. ಇನ್ನೂ ಸ್ವಲ್ಪ ಕೆಲಸ ಇದೆ—