ಅಜ್ಜನ ದನಿಯ ಪಾಲು

ಋತುಜಾ,

ಕಾಲೇಜಿಗೆ ಹೊರಟೆ. ಹಾಲು ಕಾಸಿಟ್ಟಿದ್ದೇನೆ, ಆರಿದ ಮೇಲೆ ಮುಚ್ಚಿಡು, ಬೆಕ್ಕು ಬರುತ್ತದೆ.

ನಿನ್ನೆ ಊಟಕ್ಕೆ ಕೂತಾಗ ದತ್ತು ಕಾಕಾ, "ಅಜ್ಜಾರ ದನಿ ಋತುಜಾಗ ಬಂದದ, ತಂಬೂರಿ ಅಕಿ ಹತ್ರನ ಇರಲಿ. ಸುಹಾಸಿನಿದು ಅಜ್ಜಿ ಒಡಕು ದನಿ, ಅಕಿ ಪಾಠಾ ಮಾಡಕೋತ ಇರಲಿ" ಎಂದರು. ನೀನೂ ನಕ್ಕೆ.

ಇವತ್ತು ನಾನು ಮಾಡುವ ಪಾಠವೂ ಅದೇ. ವೀರ್ಯಾಣು ಆಗುವಾಗ ಅಪ್ಪನ ನಲವತ್ತಾರು ವರ್ಣತಂತುಗಳು ಇಪ್ಪತ್ಮೂರಕ್ಕೆ ಇಳಿಯುತ್ತವೆ. ಅದಕ್ಕೂ ಮೊದಲು, ಅಜ್ಜನಿಂದ ಬಂದವು ಮತ್ತು ಅಜ್ಜಿಯಿಂದ ಬಂದವು ಜೋಡಿಯಾಗಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಮೇಲೆ ಪ್ರತಿ ಜೋಡಿಯಲ್ಲಿ ಒಂದೇ ಮುಂದೆ ಹೋಗುತ್ತದೆ. ಯಾವುದು ಎಂಬುದು ಆಕಸ್ಮಿಕ. ಅಮ್ಮನ ಕಡೆಯಿಂದಲೂ ಹಾಗೆಯೇ. ಅದಕ್ಕೇ ಒಂದೇ ಮನೆಯ ನಾವಿಬ್ಬರೂ ಬೇರೆ ಬೇರೆ. ದನಿ ನಿನಗೆ ಒಲಿದದ್ದರಲ್ಲಿ ನಿನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಇದನ್ನು ಬರೆಯುವಾಗ ನನ್ನ ಹೊಟ್ಟೆ ಉರಿಯುತ್ತಿದೆ ಎಂಬುದೂ ನಿಜ.

ಸಂಜೆ ಕಾಕಾ ತಂಬೂರಿಯನ್ನು ನಿನ್ನ ಕೈಗೆ ಕೊಡುತ್ತಾರೆ. ಬೆಳಿಗ್ಗೆಯೇ ಶ್ರುತಿ ಮಾಡಿಟ್ಟಿದ್ದೇನೆ, ಬಿರಡೆ ತಿರುಗಿಸಬೇಡ. ತಂತಿಯ ಕೆಳಗಿನ ದಾರವನ್ನು ಸರಿಸಿ ನಾದ ಹಿಡಿಯುವುದನ್ನು ಅಜ್ಜ ನನಗೊಬ್ಬಳಿಗೇ ಕಲಿಸಿದ್ದರು. ಅದು ಹುಟ್ಟಿನಿಂದ ಬರುವುದಿಲ್ಲ. ಬೇಕಾದರೆ ನನ್ನ ಎದುರಿಗೇ ಬಂದು ಕೂಡಬೇಕು.

ಅಕ್ಕ