ಗೋಡೆಯಿಂದ ಕಾಣೆಯಾದ ಫೋಟೋಗಳು

ಮನೆ ಮಾಲೀಕರಿಗೆ ನಮಸ್ಕಾರ.

ಮದುವೆ ಫೋಟೋ ತೆಗೆಯಲು ನಾನು ಹೋದಾಗಲೆಲ್ಲ ಯಾರೋ ನನ್ನ ಕೋಣೆಗೆ ಬರುತ್ತಿದ್ದಾರೆ. ಇನ್ನೊಂದು ಕೀಲಿ ಇರುವುದು ನಿಮ್ಮ ಬಳಿ ಮಾತ್ರ. ಕ್ಯಾಮೆರಾ, ಲೆನ್ಸ್ ಯಾವುದನ್ನೂ ಮುಟ್ಟಿಲ್ಲ. ಈ ಹೊಸ ಊರಿನಲ್ಲಿ ನನ್ನ ಖುಷಿಗೆಂದು ತೆಗೆದು ಗೋಡೆಗೆ ಅಂಟಿಸಿದ್ದ ಬೀದಿಯ ಜನರ ಫೋಟೋಗಳಲ್ಲಿ, ಎದುರಂಗಡಿಯ ಟೈಲರ್ ಹೆಂಗಸಿನವು ಮಾತ್ರ ಮಾಯವಾಗಿವೆ.

ನನಗೆ ನಿಮ್ಮ ಮೇಲೆ ಕೆಟ್ಟ ಅನುಮಾನವೇ ಬಂತು. ಆ ಹೆಂಗಸನ್ನು ಎಚ್ಚರಿಸೋಣವೆಂದು ನಿನ್ನೆ ಅಂಗಡಿಗೆ ಹೋದೆ. ವಿಷಯ ಕೇಳಿ ಅವರು ಹೊಲಿಯುವುದನ್ನು ನಿಲ್ಲಿಸಿದರು.

"ಅವರು ನಮ್ಮಪ್ಪ ಕಣ್ರೀ. ನನ್ನ ಮದುವೆಗೂ ಬರ್ಲಿಲ್ಲ, ಆಮೇಲೆ ಮಾತೂ ಬಿಟ್ರು."

ಇನ್ನು ನಾನಿಲ್ಲದಾಗ ಬೀಗ ತೆಗೆಯಬೇಡಿ. ಫೋಟೋ ಬೇಕಿದ್ದರೆ ಕೇಳಿ, ಕೊಡುತ್ತೇನೆ.

ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ನಿಮ್ಮ ಮಗಳ ಫೋಟೋ ತೆಗೆಯಲಿದ್ದೇನೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ ಎಂದು ಅವರೇ ಹೇಳಿದ್ದಾರೆ.

ಇತಿ,
ನಿಮ್ಮ ಮಹಡಿ ಕೋಣೆಯ ಬಾಡಿಗೆಯವಳು